ಸುತ್ತಿಗೊಂದು ಟಕ್

ಜೂನ್ ೪

ಅಮ್ಮನಿಗೆ,

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಹೂಂ, ಇಡ್ತೀನಿ" ಅನ್ನುತ್ತೀಯ. ನಿನ್ನ ಮಂಡಿನೋವು ಹೇಗಿದೆ, ಅಂಗಡಿ ಹೇಗೆ ನಡೆಯುತ್ತಿದೆ ಎಂಬುದೆಲ್ಲ ಮೂರು ವರ್ಷದಿಂದ ನಿನ್ನ ಸೊಸೆಯ ಬಾಯಿಂದಲೇ ನನಗೆ ತಿಳಿಯಬೇಕು. ಅದಕ್ಕೇ ಈ ಕಾಗದ. ಹೆದರಬೇಡ, ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಇಲ್ಲೊಂದು ಎಂಜಿನ್ನು ಸದ್ದು ಮಾಡುತ್ತಿದೆ. ನಿನ್ನನ್ನು ಬಿಟ್ಟು ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ನನ್ನ ಕೆಲಸದ ಜಾಗವನ್ನು ನೀನು ಒಳಗೆ ಬಂದು ನೋಡಿಲ್ಲ, ಹಾಗಾಗಿ ಹೇಳುತ್ತೇನೆ. ರೈಲ್ವೆಯ ಸಿಗ್ನಲ್ ಕೆಲಸ ಕಲಿಯಲು ಬರುವವರಿಗಾಗಿ ನಮ್ಮ ತರಬೇತಿ ಶಾಲೆಯಲ್ಲಿ ಒಂದು ಮಾದರಿ ಕೋಣೆ ಇದೆ. ಸೊಂಟದೆತ್ತರದ ಮರದ ಮೇಜು ನಾಲ್ಕೂ ಗೋಡೆಗಳ ಗುಂಟ ಸುತ್ತಿ ಬರುತ್ತದೆ. ಅದರ ಮೇಲೆ ನಾಲ್ಕು ಸ್ಟೇಷನ್ನು, ಎರಡು ಸೇತುವೆ, ಒಂದು ಸುರಂಗ, ಮೊಳದುದ್ದದ ಆರು ಎಂಜಿನ್ನು. ಎಲ್ಲವೂ ನನ್ನ ಸುಪರ್ದಿನಲ್ಲಿವೆ. ಪರೀಕ್ಷೆಯ ದಿನ ಕಲಿಯುವವರು ಪಕ್ಕದ ಮುಚ್ಚಿದ ಕ್ಯಾಬಿನ್ನಿನಲ್ಲಿ ಕೂತು, ಹಲಗೆಯ ಮೇಲೆ ಹೊತ್ತುವ ದೀಪಗಳನ್ನಷ್ಟೇ ನೋಡಿಕೊಂಡು ನಾಲ್ಕು ಗಂಟೆ ಕಾಲ ಗಾಡಿಗಳನ್ನು ನಡೆಸಬೇಕು. ಗಾಡಿ ಎಲ್ಲಿದೆ ಎಂಬುದು ಅವರ ಕಣ್ಣಿಗೆ ಕಾಣಬಾರದು, ಕಿವಿಗೂ ಬೀಳಬಾರದು.

ನಾಲ್ಕನೇ ಎಂಜಿನ್ನು ಚೆನ್ನಾಗಿಯೇ ಕಿವಿಗೆ ಬೀಳುತ್ತಿದೆ. ಎರಡು ತಿಂಗಳಿಂದ ಟಕಟಕ, ಜೊತೆಗೊಂದು ಕಿರ್ ಎಂಬ ರಾಗ. ಮೊನ್ನೆ ಅಭ್ಯಾಸದಲ್ಲಿ ಒಬ್ಬ ದೀಪದ ಕಡೆ ತಿರುಗಿಯೂ ನೋಡದೆ "ಸಾರ್, ಈಗ ಸೇತುವೆ ಮೇಲಿದೆ" ಅಂದ. ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. "ಸೆಪ್ಟೆಂಬರ್ ಪರೀಕ್ಷೆ ಹೊತ್ತಿಗೆ ಇದು ಬಾಯಿ ಮುಚ್ಚಿರಬೇಕು. ಇಲ್ಲಾಂದ್ರೆ ಕೋಣೆಗೆ ಬೀಗ ಹಾಕಿಸಿ ಕಂಪ್ಯೂಟರ್ ತರಿಸ್ತೀನಿ. ಮೇಲಿನವರೂ ಅದನ್ನೇ ಹೇಳ್ತಿದಾರೆ" ಅಂದರು.

ಹದಿನೆಂಟು ಡಬ್ಬಿಗಳ ಗೂಡ್ಸ್ ಗಾಡಿಯನ್ನು ಎಳೆಯುವ ಕಸುವು ಇರುವುದು ಈ ಎಂಜಿನ್ನಿಗೆ ಮಾತ್ರ. ಮೂವತ್ತು ವರ್ಷದ ಹಿಂದೆ ಶಾಲೆಯ ವರ್ಕ್‌ಶಾಪಿನಲ್ಲೇ ಮಾಡಿದ್ದು. ಮಾಡಿದವರು ಈಗಿಲ್ಲ, ಬಿಡಿಭಾಗಗಳೂ ಸಿಗುವುದಿಲ್ಲ. ನನಗೆ ತಿಳಿದಂತೆ ಎಲ್ಲ ಕಡೆ ಎಣ್ಣೆ ಬಿಟ್ಟೆ. ಈಗ ಟಕಟಕದ ಜೊತೆ ಚಕ್ರವೂ ಜಾರುತ್ತಿದೆ.

ಏನು ಮಾಡಲಿ?

ನಿನ್ನ ಮಗ


ಜೂನ್ ೧೯

ಕಾಗದ ಬಂತು. ಸದ್ದಿನ ಬಗ್ಗೆ ಕೇಳಿದ್ದೀಯ, ಸದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ.

ನೀನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ನಿನ್ನ ಹೆಂಡತಿ ಕೇಳಿಸಿದಳು. ಅದು ಎಂಜಿನ್ನೋ, ಯಾರೋ ಡಬ್ಬದಲ್ಲಿ ಕಾಳು ಕುಲುಕಿದ್ದೋ ಗೊತ್ತಾಗಲಿಲ್ಲ. ಇನ್ನು ನೀನು ಬರೆದ 'ಟಕಟಕ' ನೋಡಿದರೆ, ಅಂಗಡಿಗೆ ಬಂದು "ಹೊಲಿಗೆ ಮಿಷನ್ನು ಒಂಥರಾ ಮಾಡ್ತಿದೆ" ಅನ್ನುವ ಗಿರಾಕಿಗಳೇ ವಾಸಿ ಅನ್ನಿಸಿತು. ಒಂಥರಾ ಅಂದರೆ ಯಾವ ಥರ?

ಮೊದಲು ನೀನು ಸುರಿದಿರುವ ಎಣ್ಣೆಯನ್ನೆಲ್ಲ ಒರೆಸಿ ತೆಗೆ. ಹಳಿಯ ಮೇಲೆ ಬಿದ್ದದ್ದನ್ನೂ ಒರೆಸು. ಸದ್ದು ಬಂದ ಕೂಡಲೇ ಎಣ್ಣೆ ಡಬ್ಬಿಗೆ ಕೈ ಹಾಕುವವರು ಯೋಚನೆ ಮಾಡುವುದಕ್ಕೆ ಸೋಮಾರಿಗಳು. ಎಣ್ಣೆ ಧೂಳನ್ನು ಕರೆಯುತ್ತದೆ, ಧೂಳು ಎಣ್ಣೆಯನ್ನು ಕುಡಿಯುತ್ತದೆ, ಕೊನೆಗೆ ಅಲ್ಲೊಂದು ಕರಿ ಅಂಟು ಸಂಸಾರ ಹೂಡುತ್ತದೆ.

ಆಮೇಲೆ ಎಂಜಿನ್ನನ್ನು ಮೆತ್ತನೆಯ ಬಟ್ಟೆಯ ಮೇಲೆ ಅಂಗಾತ ಮಲಗಿಸು. ಚಕ್ರಕ್ಕೆ ತಂತಿ ಮುಟ್ಟಿಸಿ ನಿಧಾನಕ್ಕೆ ಓಡಿಸು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿಕೋ. ಮೋಟಾರಿನ ಹತ್ತಿರ ಒಮ್ಮೆ, ಒಂದೊಂದು ಅಚ್ಚಿನ ಹತ್ತಿರ ಒಂದೊಂದು ಸಲ. ಸದ್ದು ಎಲ್ಲಿ ದಪ್ಪವಾಗುತ್ತದೆ ನೋಡು.

ಇವಕ್ಕೆ ಉತ್ತರ ಬರೆ. ಮುಂದಕ್ಕೆ ಹೋಗುವಾಗ ಬರುತ್ತದೆಯೋ, ಹಿಂದಕ್ಕೋ, ಎರಡಕ್ಕೂನೋ? ಭಾರ ಎಳೆಯುವಾಗ ಹೆಚ್ಚೋ, ಬರಿಗೈಯಲ್ಲಿ ಹೆಚ್ಚೋ? ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕು. ಗುರುತು ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಟಕ್ ಕೇಳಿಸಿತು, ಎಣಿಸು. ಅಂದಾಜು ಬೇಡ. ಹತ್ತು ಸಲ ಎಣಿಸು.

ಅಮ್ಮ


ಜುಲೈ ೨

ಅಮ್ಮನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಮೂರು ದಿನ ಬೇಕಾಯಿತು, ಅದರಲ್ಲಿ ಎರಡು ದಿನ ಎಣ್ಣೆ ಒರೆಸುವುದಕ್ಕೇ.

ಮೊದಲ ಅಚ್ಚಿಗೆ ಕೂದಲು ಸುತ್ತಿಕೊಂಡಿತ್ತು. ಒಂದೆರಡಲ್ಲ, ಒಂದು ಪುಟ್ಟ ಉಂಡೆ. ಚಿಮಟದಿಂದ ಎಳೆದು ಎಳೆದು ತೆಗೆದೆ. ತೆಗೆದ ಮೇಲೆ ಕಿರ್ ಎಂಬ ಸದ್ದು ಪೂರ್ತಿ ನಿಂತಿತು! ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದೆ. ಆದರೆ ಟಕ್ ಹಾಗೇ ಉಳಿದಿದೆ. ಕಿರ್ ಇಲ್ಲದ್ದರಿಂದ ಇನ್ನೂ ಸ್ಪಷ್ಟವಾಗಿ ಕೇಳುತ್ತಿದೆ.

ಸ್ಕ್ರೂಡ್ರೈವರ್ ಕಿವಿಗೆ ಒತ್ತಿಕೊಂಡು ಬಗ್ಗಿದ್ದಾಗ ಗುಮಾಸ್ತರು ಬಂದರು. "ಏನ್ರೀ, ಎಂಜಿನ್ನಿಗೆ ಜ್ವರವೇ?" ಅಂದರು. ಸುಮ್ಮನಿರಿ ಅಂತ ಕೈಸನ್ನೆ ಮಾಡಿದೆ. ಅವರೂ ಬಗ್ಗಿ ಕೇಳಿಸಿಕೊಂಡು, "ಅಬ್ಬಾ, ಇದು ಒಳಗೇ ಕೂತು ಬಾಗಿಲು ಬಡೀತಾ ಇದೆಯಲ್ರೀ" ಅಂದರು.

ನಿನ್ನ ಪ್ರಶ್ನೆಗಳಿಗೆ ಉತ್ತರ: ಮುಂದಕ್ಕೂ ಹಿಂದಕ್ಕೂ ಬರುತ್ತದೆ. ಭಾರ ಎಳೆಯುವಾಗ ಹೆಚ್ಚು. ಮೋಟಾರಿನ ಹತ್ತಿರ ಬರೀ ಗುಂಯ್ ಎನ್ನುವ ಸದ್ದು, ಅದು ಸಹಜ ಅನ್ನಿಸುತ್ತದೆ. ಮೂರನೇ ಅಚ್ಚಿನ ಹತ್ತಿರ ಟಕ್ ತೀರಾ ದಪ್ಪ. ಮೋಟಾರಿನ ಶಕ್ತಿ ಚಕ್ರಗಳಿಗೆ ಬರುವುದು ಆ ಅಚ್ಚಿನಿಂದಲೇ.

ಸೀಮೆಸುಣ್ಣದ ಗುರುತು ಒಂದು ಸುತ್ತು ಬಂದರೆ ಒಂದು ಟಕ್. ಹತ್ತು ಸಲ ಎಣಿಸು ಅಂದಿದ್ದೆ. ಐವತ್ತು ಸಲ ಎಣಿಸಿದೆ. ಐವತ್ತು ಸುತ್ತಿಗೆ ಐವತ್ತು ಟಕ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮಂಡಿಗೆ ಔಷಧಿ ತೆಗೆದುಕೊಳ್ಳುತ್ತಿದ್ದೀಯಂತೆ. ಅದನ್ನೂ ಬರೆಯಬಹುದಿತ್ತು.

ನಿನ್ನ ಮಗ


ಜುಲೈ ೧೫

ಐವತ್ತು ಸಲ ಎಣಿಸಿದ್ದು ಒಳ್ಳೆಯದಾಯಿತು. ಈ ಕಾಗದವನ್ನು ಓದಿದರೆ ಎಂಜಿನ್ನು ನನ್ನ ಮೇಜಿನ ಮೇಲೇ ಇದೆ ಅನ್ನಿಸಿತು.

ಈಗ ಕೇಳು. ಮೋಟಾರಿನ ತುದಿಯಲ್ಲಿ ತಿರುಪಿನಂಥ ಉಕ್ಕಿನ ಕಡ್ಡಿ ಇರಬೇಕು. ಅದು ಅಚ್ಚಿನ ಮೇಲಿರುವ ಗಿಯರನ್ನು ತಿರುಗಿಸುತ್ತದೆ. ತಿರುಪು ಒಂದು ಸುತ್ತು ಬಂದರೆ ಗಿಯರು ಒಂದೇ ಹಲ್ಲಿನಷ್ಟು ಮುಂದೆ ಹೋಗುತ್ತದೆ. ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರು ಇಪ್ಪತ್ತು ಮೂವತ್ತು ಸುತ್ತು ಬಂದಿರುತ್ತದೆ. ತಪ್ಪು ಮೋಟಾರಿನದ್ದಾಗಿದ್ದರೆ ಚಟಚಟ ಅಂತ ಮಾಲೆಯಂತೆ ಕೇಳಬೇಕಿತ್ತು. ಸುತ್ತಿಗೆ ಒಂದೇ ಟಕ್ ಅಂದರೆ, ಚಕ್ರದ ಜೊತೆಯಲ್ಲೇ ತಿರುಗುವ ಯಾವುದೋ ಒಂದು ಕಡೆ ಒಂದೇ ಒಂದು ಗಾಯ ಇದೆ. ಗಿಯರನ್ನು ನೋಡು.

ನೋಡು ಅಂದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಮೂವತ್ತು ವರ್ಷದ ಹಿಂದಿನ ಗಿಯರು ಪ್ಲಾಸ್ಟಿಕ್ಕಿನದೇ ಇರುತ್ತದೆ. ಅಚ್ಚಿಗೆ ಬಿಗಿಯಾಗಿ ಹೊಡೆದು ಕೂರಿಸಿರುತ್ತಾರೆ. ಅಷ್ಟು ವರ್ಷ ಬಿಗಿ ತಡೆದು ತಡೆದು ಅದು ಕೊನೆಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಿದ್ದ ಕಡೆ ಎರಡು ಹಲ್ಲುಗಳ ನಡುವೆ ಸಂದು ಅಗಲವಾಗುತ್ತದೆ, ತಿರುಪು ಅಲ್ಲಿಗೆ ಬಂದಾಗ ಎಡವುತ್ತದೆ. ಹಲ್ಲುಗಳ ಬುಡದಲ್ಲಿ ಉಗುರು ಹಾಯಿಸು. ಉಗುರಿಗೆ ಸಿಗುತ್ತದೆ.

ಗಿಯರನ್ನು ಜೋಪಾನವಾಗಿ ತೆಗೆದು ನನಗೆ ಕಳಿಸು. ಅಚ್ಚಿನ ದಪ್ಪವನ್ನೂ ಅಳೆದು ಬರೆ. ಹೊಸದು ಮಾಡಿಸಲು ಆಗುತ್ತದೋ ನೋಡುತ್ತೇನೆ.

ಮನೆಯಲ್ಲೇ ಇರುವವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಿಮ್ಮ ಪ್ರಿನ್ಸಿಪಾಲರು ಕೇಳಿದರೆ, ಏನೋ ಕನಸು ಬಿದ್ದಿತ್ತಂತೆ ಅಂದುಬಿಡು.

ಅಮ್ಮ


ಜುಲೈ ೨೪

ಅಮ್ಮ,

ಉಗುರಿಗೆ ಸಿಕ್ಕಿತು. ಭೂತಗನ್ನಡಿಯಲ್ಲಿ ನೋಡಿದಾಗಲೂ ಕಾಣದಿದ್ದದ್ದು ಉಗುರಿಗೆ ಸಿಕ್ಕಿತು. ಗಿಯರನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟು ಕಳಿಸಿದ್ದೇನೆ. ಇಪ್ಪತ್ತನಾಲ್ಕು ಹಲ್ಲು. ಅಚ್ಚಿನ ದಪ್ಪ ಸರಿಯಾಗಿ ನಾಲ್ಕು ಮಿಲಿಮೀಟರ್, ಮೂರು ಕಡೆ ಅಳೆದಿದ್ದೇನೆ.

ಇನ್ನು ಎರಡನೇ ಹಾಳೆ. ಓದುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಆವತ್ತು ಹಳೆಯ ಮೇಲ್ವಿಚಾರಕರ ಬೀಳ್ಕೊಡುಗೆ ಇತ್ತು. ನೀನು ಬೆಳಗ್ಗೆ ಸಮವಸ್ತ್ರದ ಕಾರ್ಖಾನೆಯಲ್ಲಿ ಮಿಷನ್ನುಗಳನ್ನು ಸರಿಮಾಡಿ ಅಲ್ಲಿಂದ ನೇರ ಬಸ್ಸು ಹತ್ತಿ ಬಂದಿದ್ದೆ. ಚಹಾ ಆದಮೇಲೆ ಮಾದರಿ ಕೋಣೆ ತೋರಿಸುತ್ತೇನೆ ಅಂತ ನಾನು ಅಂದಿದ್ದೆ. ಪ್ರಿನ್ಸಿಪಾಲರು ಬಂದು "ತಾಯಿಯವರು ಏನು ಮಾಡ್ಕೊಂಡಿದಾರೆ?" ಅಂತ ಕೇಳಿದರು. ನೀನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಾನೇ "ಏನಿಲ್ಲ ಸಾರ್, ಮನೇಲೇ ಇರ್ತಾರೆ" ಅಂದುಬಿಟ್ಟೆ. ನಿನ್ನ ಉಗುರಿನ ಸಂದಿನಲ್ಲಿದ್ದ ಕರಿ ನನ್ನ ಕಣ್ಣಿಗೆ ಬಿದ್ದಿತ್ತು. ಅವರ ಕಣ್ಣಿಗೆ ಬೀಳಬಾರದು ಅನ್ನಿಸಿತು. ನೀನು ಲೋಟ ಕೆಳಗಿಟ್ಟು "ಬಸ್ಸಿಗೆ ಹೊತ್ತಾಯ್ತು" ಅಂದೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅದು ನನಗೂ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಮೊನ್ನೆ ಗಿಯರಿನ ಮೇಲೆ ಉಗುರು ಹಾಯಿಸಿದಾಗ ನನ್ನ ಉಗುರಿನ ಸಂದಿಗೂ ಅದೇ ಕರಿ ಸೇರಿಕೊಂಡಿತು. ಸೋಪಿಗೆ ಹೋಗುವುದಿಲ್ಲ ಅದು. ತಪ್ಪಾಯಿತು ಅನ್ನಲು ಮೂರು ವರ್ಷ ತೆಗೆದುಕೊಂಡೆ. ತಪ್ಪಾಯಿತು, ಅಮ್ಮ.

ನಿನ್ನ ಮಗ


ಆಗಸ್ಟ್ ೨೦

ಬೆಂಕಿಪೊಟ್ಟಣ ತಲುಪಿತು. ಎರಡನೇ ಹಾಳೆಯನ್ನೂ ಓದಿದೆ. ಅದಕ್ಕೆ ಈಗ ಉತ್ತರ ಬೇಡ. ಮೊದಲು ಗಿಯರು.

ನಮ್ಮ ಸಾಲಿನ ಕೊನೆಯ ಅಂಗಡಿಯಲ್ಲಿ ಗಿಯರು ಕತ್ತರಿಸುವವನೊಬ್ಬ ಇದ್ದಾನೆ. ಎಲ್ಲರೂ ಅವನನ್ನು ಹಲ್ಲಿನ ಡಾಕ್ಟರು ಅನ್ನುತ್ತಾರೆ. ಅವನ ಬಾಯಲ್ಲಿ ಇರುವುದು ನಾಲ್ಕೇ ಹಲ್ಲು, ಆದರೂ ಅವನು ಕತ್ತರಿಸಿದ ಹಲ್ಲಿಗೆ ಮಾತಿಲ್ಲ. ಪೊಟ್ಟಣ ಬಿಚ್ಚಿ ತೋರಿಸಿದೆ. ಬೆಳಕಿಗೆ ಹಿಡಿದು, "ಅಕ್ಕಾ, ಇದಕ್ಕೆ ಹಿತ್ತಾಳೆನೇ ಸರಿ. ಉಕ್ಕಿನ ತಿರುಪಿಗೂ ಹಿತ್ತಾಳೆಗೂ ಚೆನ್ನಾಗಿ ಹೊಂದುತ್ತೆ" ಅಂದ. ನಾನೂ ಅದನ್ನೇ ಅಂದುಕೊಂಡಿದ್ದೆ, ಆದರೆ ಅವನೇ ಹೇಳಲಿ ಅಂತ ಬಿಟ್ಟೆ.

ಮೊದಲು ಮಾಡಿದ್ದನ್ನು ನಾನು ಒಪ್ಪಲಿಲ್ಲ. ತೂತು ಎಳ್ಳಷ್ಟು ವಾರೆಯಾಗಿತ್ತು. ಕಡ್ಡಿಗೆ ಸಿಕ್ಕಿಸಿ ತಿರುಗಿಸಿದರೆ ಕುಡಿದವನ ಹಾಗೆ ತೂಗುತ್ತಿತ್ತು. ಅವನಿಗೆ ಸಿಟ್ಟು ಬಂತು. "ಇಷ್ಟು ಚಿಕ್ಕದರಲ್ಲಿ ಅಷ್ಟೆಲ್ಲ ಯಾರು ನೋಡ್ತಾರೆ?" ಅಂದ. "ನೋಡೋದಲ್ಲ, ಕೇಳೋದು" ಅಂದೆ. ಎರಡನೆಯದನ್ನು ಪಕ್ಕದಲ್ಲಿ ನಿಂತೇ ಮಾಡಿಸಿದೆ. ನನ್ನ ಮೇಜಿನ ಮೋಟಾರಿಗೆ ಹಾಕಿ ಒಂದಿಡೀ ಮಧ್ಯಾಹ್ನ ಓಡಿಸಿದ್ದೇನೆ. ನುಣ್ಣಗೆ ಓಡುತ್ತದೆ.

ಕೂರಿಸುವ ಕ್ರಮ ಹೇಳುತ್ತೇನೆ, ಆತುರ ಮಾಡಬೇಡ. ಸುತ್ತಿಗೆ ಮುಟ್ಟಬೇಡ. ಗಿಯರನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಡು. ಕಾದ ಹಿತ್ತಾಳೆ ಚೂರು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ, ಒರೆಸಿ, ಒಂದೇ ಸಲಕ್ಕೆ ಅಚ್ಚಿನ ಮೇಲೆ ಜಾರಿಸು. ಆರಿದ ಮೇಲೆ ತಾನೇ ಕಚ್ಚಿ ಹಿಡಿಯುತ್ತದೆ. ಮೋಟಾರನ್ನು ಮತ್ತೆ ಕೂರಿಸುವಾಗ ತಿರುಪಿಗೂ ಗಿಯರಿಗೂ ನಡುವೆ ತೆಳುವಾದ ಕಾಗದದ ಪಟ್ಟಿ ಇಟ್ಟು ಸ್ಕ್ರೂ ಬಿಗಿ ಮಾಡು, ಆಮೇಲೆ ಕಾಗದ ಎಳೆದುಬಿಡು. ಎರಡರ ನಡುವೆ ಅಷ್ಟು ಸಡಿಲ ಇರಲೇಬೇಕು. ತೀರಾ ಒತ್ತಿಕೊಂಡಿದ್ದರೆ ಎರಡೂ ಸವೆಯುತ್ತವೆ.

ಈಗ ಬೇಕಾದರೆ ಎಣ್ಣೆ ಹಾಕು. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು.

ಮಂಡಿ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಕಟಕಟ ಅನ್ನುತ್ತದೆ. ಅದಕ್ಕೆ ಹಿತ್ತಾಳೆಯದ್ದು ಸಿಗುವುದಿಲ್ಲವಂತೆ.

ಅಮ್ಮ


ಸೆಪ್ಟೆಂಬರ್ ೧೨

ಅಮ್ಮ,

ನಿನ್ನೆ ಪರೀಕ್ಷೆ ಮುಗಿಯಿತು. ಎಲ್ಲಿಂದ ಶುರುಮಾಡಲಿ!

ಗಿಯರು ಕೂರಿಸಿದ ದಿನದಿಂದಲೇ ಟಕ್ ಇರಲಿಲ್ಲ. ಆದರೂ ನನಗೆ ಧೈರ್ಯವಿರಲಿಲ್ಲ. ಹದಿನೆಂಟು ಡಬ್ಬಿ ಕಟ್ಟಿ ಒಂದು ವಾರ ದಿನವೂ ನಾಲ್ಕು ಗಂಟೆ ಓಡಿಸಿದೆ. ದಿನವೂ ಸ್ಕ್ರೂಡ್ರೈವರ್ ಹಿಡಿದು ಕೇಳಿದೆ. ಏನೂ ಇಲ್ಲ. ಗುಮಾಸ್ತರಂತೂ ತಾವೇ ಮಾಡಿದ ಹಾಗೆ ಎಲ್ಲರನ್ನೂ ಕರೆದುಕೊಂಡು ಬಂದು ತೋರಿಸುತ್ತಿದ್ದರು.

ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಶುರುವಾಯಿತು. ಕ್ಯಾಬಿನ್ನಿನಲ್ಲಿ ಹನ್ನೆರಡು ಜನ. ಮೇಲಿನ ಕಚೇರಿಯಿಂದ ಇಬ್ಬರು ಬಂದು ಗೋಡೆಗೆ ಒರಗಿ ನಿಂತಿದ್ದರು. ನಾಲ್ಕನೇ ಎಂಜಿನ್ನು ಸ್ಟೇಷನ್ ಬಿಟ್ಟು ಹೊರಟಿತು. ಸೇತುವೆ ದಾಟಿತು, ಸುರಂಗ ಹೊಕ್ಕಿತು, ಹೊರಗೆ ಬಂತು. ಹಳಿಯ ಮೇಲೆ ಚಕ್ರ ಉರುಳುವ ಸಣ್ಣ ಸರಸರ ಬಿಟ್ಟರೆ ಬೇರೇನೂ ಇಲ್ಲ. ಕ್ಯಾಬಿನ್ನಿನ ಒಳಗಿಂದ ಒಬ್ಬ "ಅಯ್ಯೋ, ಗೂಡ್ಸ್ ಎಲ್ಲಿ ಹೋಯ್ತೋ?" ಅಂತ ಗಾಬರಿಯಿಂದ ಕೂಗಿದ. ನನ್ನ ಜನ್ಮದಲ್ಲಿ ಅಷ್ಟು ಇಂಪಾದ ಮಾತನ್ನು ಕೇಳಿಲ್ಲ. ಪಾಪ, ಅವನು ಫೇಲಾದ. ಅವನ ಜೊತೆ ಇನ್ನೊಬ್ಬನೂ. ಇಷ್ಟು ದಿನ ಕಿವಿಯನ್ನೇ ನಂಬಿಕೊಂಡಿದ್ದವರು.

ಒಂದು ಗಂಟೆಗೆ ಕೊನೆಯ ಗಾಡಿ ನಿಂತಾಗ ಮೇಲಿನ ಕಚೇರಿಯವರಲ್ಲಿ ಒಬ್ಬರು ಎಂಜಿನ್ನಿನ ಹತ್ತಿರ ಬಗ್ಗಿ, ಹಿತ್ತಾಳೆಯ ಗಿಯರು ಹೊಳೆಯುವುದನ್ನು ನೋಡಿ "ಇದನ್ನ ಯಾವ ಕಂಪನಿಯಿಂದ ತರಿಸಿದ್ರಿ?" ಅಂತ ಕೇಳಿದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು.

"ಕಂಪನಿ ಅಲ್ಲ ಸಾರ್, ನಮ್ಮಮ್ಮ" ಅಂದೆ. "ಹೊಲಿಗೆ ಮಿಷನ್ ಮೆಕ್ಯಾನಿಕ್. ಮೂವತ್ತೆಂಟು ವರ್ಷದಿಂದ ಅದೇ ಕೆಲಸ. ಈ ಎಂಜಿನ್ನನ್ನ ಅವರು ನೋಡೇ ಇಲ್ಲ. ನಾನು ಕಾಗದದಲ್ಲಿ ಬರೆದದ್ದನ್ನ ಓದಿ ಎಲ್ಲಿ ಬಿರುಕು ಬಿಟ್ಟಿದೆ ಅಂತ ಹೇಳಿದರು."

"ಅವರು ಒಂದ್ಸಲ ಬಂದಿದ್ರಲ್ಲ? ಮನೇಲೇ ಇರ್ತಾರೆ ಅಂದಿದ್ದಿರಿ" ಅಂದರು ಪ್ರಿನ್ಸಿಪಾಲರು. ಅವರಿಗೂ ನೆನಪಿತ್ತು! "ಸುಳ್ಳು ಹೇಳಿದ್ದೆ ಸಾರ್" ಅಂದೆ. ಹನ್ನೆರಡು ಜನ ಕಲಿಯುವವರು, ಗುಮಾಸ್ತರು, ಆ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನಾಚಿಕೆಯಾಗಬೇಕಿತ್ತು. ಆದರೆ ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ ನಾಚಿಕೆಗೆ ಒಳಗೆ ಜಾಗವಿರಲಿಲ್ಲ.

ಕೋಣೆ ಉಳಿಯಿತು. ಇನ್ನೊಂದು ಸಮಾಚಾರ ಇದೆ. ನಾಲ್ಕನೆಯದು ಸುಮ್ಮನಾದ ಮೇಲೆ ಎರಡನೇ ಎಂಜಿನ್ನು ಏನೋ ಗೊಣಗುವುದು ಎಲ್ಲರಿಗೂ ಕೇಳಿಸುತ್ತಿದೆ. "ಅವರನ್ನೇ ಕರೆಸಿ. ನಾನೂ ನಿಂತು ನೋಡಬೇಕು" ಅಂದರು ಪ್ರಿನ್ಸಿಪಾಲರು. ಬರುತ್ತೀಯಾ?

ನಿನ್ನ ಮಗ


ಸೆಪ್ಟೆಂಬರ್ ೨೫

ಮಗನೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಐದನೇ ಸಲ ಹಲ್ಲಿನ ಡಾಕ್ಟರು ಕಿತ್ತುಕೊಂಡು ಜೋರಾಗಿ ಓದಿದ. ಇಡೀ ಸಾಲು ಕೇಳಿತು. 'ಯಾವ ಕಂಪನಿಯಿಂದ ತರಿಸಿದ್ರಿ' ಎಂಬುದನ್ನು ಅವನು ಮೂರು ಸಲ ಓದಿದ.

ಎರಡನೇ ಹಾಳೆಗೆ ಉತ್ತರ ಬಾಕಿ ಇತ್ತು. ಈಗ ಕೊಡುತ್ತೇನೆ.

ಆವತ್ತು ನನಗೆ ನೋವಾಯಿತು, ಅದು ನಿಜ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ. ಇವನಿಗೆ ನಾನು ಮಾಡುವ ಕೆಲಸ ಕೀಳಾಗಿ ಕಂಡಿತೇ, ಇವನ ಓದು ಬಟ್ಟೆ ಎಲ್ಲ ಬಂದದ್ದು ಯಾವ ಕೈಯಿಂದ ಅಂತ ಮೂರು ವರ್ಷ ಕುದಿದೆ. ಆದರೆ ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ನಿನಗೆ ಹೇಳಬೇಕು.

ನಿನಗೆ ಕೆಲಸ ಸಿಕ್ಕಾಗ ಇಲ್ಲಿ ಎಲ್ಲರೂ ಕೇಳಿದರು, ಮಗ ಏನು ಮಾಡ್ತಾನೆ ಅಂತ. ರೈಲ್ವೆಯಲ್ಲಿ ದೊಡ್ಡ ಇನ್‌ಸ್ಪೆಕ್ಟರು ಅಂದೆ. ಒಬ್ಬರಿಗಲ್ಲ, ಎಲ್ಲರಿಗೂ. ಬೆಳೆದ ಗಂಡಸು ದಿನವಿಡೀ ಆಟದ ರೈಲು ಓಡಿಸುತ್ತಾನೆ ಅಂತ ಹೇಗೆ ಹೇಳುವುದು ಅನ್ನಿಸಿತ್ತು. ಒಂಬತ್ತು ವರ್ಷ ಅದೇ ಸುಳ್ಳನ್ನು ಸಾಕಿದೆ. ನೀನು ನನ್ನನ್ನು ಬಚ್ಚಿಟ್ಟದ್ದು ಒಂದು ಸಂಜೆ. ನಾನು ನಿನ್ನನ್ನು ಬಚ್ಚಿಟ್ಟದ್ದು ಒಂಬತ್ತು ವರ್ಷ. ಹಾಗಿದ್ದೂ ಸಿಟ್ಟು ಮಾಡಿಕೊಂಡು ಕೂತವಳು ನಾನು.

ಗಿಯರು ಹಿಡಿದುಕೊಂಡು ಹೋದಾಗ ಹಲ್ಲಿನ ಡಾಕ್ಟರು "ಇದು ಯಾವ ಮಿಷನ್ನಿಂದು?" ಅಂತ ಕೇಳಿದ. ಹೊಸ ಥರದ ಹೊಲಿಗೆ ಮಿಷನ್ನು ಅಂದೆ. ಅವನು ನಕ್ಕ. "ಅಕ್ಕಾ, ಯಾರ ಹತ್ರ ಹೇಳ್ತಿದೀಯ? ಇಂಥ ಹಲ್ಲು ಯಾವ ಹೊಲಿಗೆ ಮಿಷನ್ನಲ್ಲೂ ಇಲ್ಲ. ಎಲ್ಲಿಗೆ ಅಂತ ಗೊತ್ತಾಗದೆ ನಾನು ಮಾಡಲ್ಲ" ಅಂದ. ಆಗ ಹೇಳಿದೆ. ಕೋಣೆ, ಕ್ಯಾಬಿನ್ನು, ದೀಪದ ಹಲಗೆ, ಸುರಂಗ, ಎಲ್ಲ. ನಿನ್ನ ಕಾಗದದಲ್ಲಿದ್ದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಐವತ್ತು ಸುತ್ತಿಗೆ ಐವತ್ತು ಟಕ್ ಎಣಿಸಿದ್ದನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ಐವತ್ತು ಸಲನಾ? ಹಾಗಾದ್ರೆ ಇನ್‌ಸ್ಪೆಕ್ಟರ್ ಅಲ್ವಾ ಅವನು? ನಮ್ಮ ಥರದವನಾ?" ಅಂದ. "ಹೌದಪ್ಪ, ನಮ್ಮ ಥರದವನೇ" ಅಂದೆ. ಹೇಳಿಕೊಳ್ಳುವುದಕ್ಕೆ ಎಷ್ಟು ಚೆನ್ನಾಗಿತ್ತು ಗೊತ್ತಾ ಆ ಮಾತು!

ಇನ್ನು ಬರುವ ವಿಷಯ. ಎರಡನೇ ಎಂಜಿನ್ನನ್ನು ಮುಟ್ಟಬೇಡ, ಬಂದು ಕೇಳುತ್ತೇನೆ. ಆದರೆ ಒಬ್ಬಳೇ ಬರುವುದಕ್ಕೆ ನಮ್ಮ ಸಾಲಿನವರು ಬಿಡುತ್ತಿಲ್ಲ. ತನ್ನ ಗಿಯರು ಓಡುವುದನ್ನು ನೋಡಬೇಕಂತೆ ಹಲ್ಲಿನ ಡಾಕ್ಟರಿಗೆ. ಗುಂಡಿ ಅಂಗಡಿಯವಳು ಬರುತ್ತಾಳೆ, ಇಸ್ತ್ರಿಯವರು ಗಂಡಹೆಂಡತಿ ಬರುತ್ತಾರೆ, ಸೂಜಿದಾರದ ಅಣ್ಣ, ಅವನ ಭಾವ, ಇನ್ನೂ ಯಾರುಯಾರೋ. ನೆನ್ನೆಗೆ ಹನ್ನೊಂದು ಜನ ಆಗಿದ್ದೇವೆ. ಮುಂದಿನ ಭಾನುವಾರ ಸಾಲಿಗೆ ಸಾಲೇ ಬಾಗಿಲು ಹಾಕಿ ಬರುತ್ತಿದೆ. ನಿಮ್ಮ ಪ್ರಿನ್ಸಿಪಾಲರಿಗೆ ಹೇಳಿ ಅನುಮತಿ ತೆಗೆದುಕೋ. ಹದಿನೆಂಟು ಡಬ್ಬಿಯನ್ನೂ ಕಟ್ಟಿ ಇಡು, ಒಂದೂ ಕಡಿಮೆ ಮಾಡಬೇಡ.

ಅಷ್ಟು ಜನಕ್ಕೆ ಕುರ್ಚಿಯಿಲ್ಲ ಅಂತ ಒದ್ದಾಡಬೇಡ. ಇಪ್ಪತ್ತು ವರ್ಷದಿಂದ ನನ್ನ ಅಂಗಡಿ ಮುಂದೆ ನಿಂತೇ ಹರಟೆ ಹೊಡೆದವರು ಇವರು. ನನ್ನ ಮಗನ ರೈಲು ನೋಡುತ್ತ ಇನ್ನೆರಡು ಗಂಟೆ ನಿಲ್ಲುತ್ತಾರೆ.

ನಿನ್ನ ಅಮ್ಮ